ಅರ್ಧ ವಾರದ ಮೇಜು

ಅರದಕ್ಕ ಬೀಗದ ಕಾರ್ಖಾನೆಗೆ ಸೇರಿದಾಗ ಅವಳಿಗೆ ಹದಿನೇಳು. ಹೊರಬಿದ್ದಾಗ ನಲವತ್ತೊಂಬತ್ತು. ಅಷ್ಟೂ ವರ್ಷ ಒಂದೇ ಮೇಜು, ಒಂದೇ ಸ್ಟೂಲು, ಕಿಟಕಿಯಿಂದ ಮೂರನೆಯದು. ಕೈಯಲ್ಲಿ ಲೋಹ ಉಜ್ಜುವ ಅರ ಇಲ್ಲದೆ ಅವಳನ್ನು ಕಂಡವರು ಕಡಿಮೆ, ಅದಕ್ಕೇ ಆ ಹೆಸರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಅದನ್ನು ಯಾರಾದರೂ ಕೂಗಿದರೆ, ಯಾರನ್ನು ಕರೆಯುತ್ತಿದ್ದಾರೆ ಎಂದು ಅವಳೇ ಹಿಂದೆ ತಿರುಗಿ ನೋಡುತ್ತಿದ್ದಳು.

ನಾನು ಅದೇ ಕಾರ್ಖಾನೆಯ ಗೇಟಿನಲ್ಲಿದ್ದವನು. ಬೆಳಗ್ಗೆ ಒಳಗೆ ಹೋಗುವವರ ಮುಖ ನೋಡುವುದು, ಸಂಜೆ ಹೊರಗೆ ಬರುವವರ ಬುತ್ತಿ ಡಬ್ಬಿ ತೆರೆಸಿ ನೋಡುವುದು ನನ್ನ ಕೆಲಸ. ಮನೆಯೂ ಅವಳ ಮನೆಯ ಕೆಳಗಿನ ಅಂತಸ್ತಿನಲ್ಲೇ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಕೆಲವು ಕಣ್ಣಾರೆ ಕಂಡದ್ದು, ಉಳಿದದ್ದು ಅವಳ ಬಾಯಿಂದಲೇ ಕೇಳಿದ್ದು.

ಕೆಲಸವನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಅವಳು ಮಾಡಿದ ತಪ್ಪು ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ತೂಗುಬೀಗದ ಹೊಟ್ಟೆಯಲ್ಲಿ ಹಿತ್ತಾಳೆಯ ಆರು ತೆಳು ಪಟ್ಟಿಗಳಿರುತ್ತವೆ. ನಾವು ಅವನ್ನು ಎಲೆ ಎನ್ನುತ್ತಿದ್ದೆವು. ಕೀಲಿ ತಿರುಗಿದಾಗ ಆರೂ ಎಲೆ ಒಂದೇ ಎತ್ತರಕ್ಕೆ ಏಳಬೇಕು, ಆಗ ಕೊಂಡಿ ಬಿಡುತ್ತದೆ. ಒಂದೇ ಒಂದು ಎಲೆ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಬೀಗ ಹಟ ಹಿಡಿಯುತ್ತದೆ. ಎಲೆ ಕತ್ತರಿಸುವುದು ಯಂತ್ರ, ಅದರ ಎತ್ತರ ಹೊಂದಿಸುವುದು ಹೆಂಗಸರ ಕೈ. ಇಪ್ಪತ್ತನಾಲ್ಕು ಜನ ಸಾಲಾಗಿ ಕುಳಿತು ಉಜ್ಜುತ್ತಿದ್ದರು. ಉಳಿದವರು ಕಣ್ಣು ಕಿರಿದು ಮಾಡಿ ನೋಡುವಾಗ ಅರದಕ್ಕ ಬೀಗವನ್ನು ಕಿವಿಯ ಹತ್ತಿರ ಹಿಡಿದು ಕೀಲಿ ತಿರುಗಿಸುತ್ತಿದ್ದಳು. “ಮೂರನೇದು ಗೊಣಗ್ತಿದೆ” ಎನ್ನುವಳು. ತೆಗೆದು ನೋಡಿದರೆ ಮೂರನೆಯದೇ.

ಮುಗಿದ ಬೀಗದ ಮುಚ್ಚಳದ ಒಳಮೈಗೆ ಮಾಡಿದವಳು ತನ್ನ ಗುರುತು ಹೊಡೆಯಬೇಕು. ಪ್ರತಿಯೊಬ್ಬಳಿಗೂ ಬೆರಳುದ್ದದ ಒಂದು ಉಕ್ಕಿನ ಅಚ್ಚು. ಅರದಕ್ಕನದು ಮೂರು ಚುಕ್ಕಿ, ಅವಳ ತಂಗಿಯದು ಓರೆ ಗೀಟು. ಇನ್ನೊಬ್ಬಳ ಅಚ್ಚು ಮುಟ್ಟುವುದೆಂದರೆ ಇನ್ನೊಬ್ಬಳ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡ ಹಾಗೆ. ಯಾರೂ ಮುಟ್ಟುತ್ತಿರಲಿಲ್ಲ.

ಈ ತಂಗಿ ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ತಾಯಿ ಸತ್ತ ಮೇಲೆ ಎತ್ತಿ ಆಡಿಸಿದವಳು ಅಕ್ಕನೇ, ಜಡೆ ಹಾಕಿದವಳು ಅಕ್ಕನೇ, ಗಂಡು ನೋಡಿ ಮದುವೆ ಮಾಡಿದವಳೂ ಅಕ್ಕನೇ. ತಾನು ಮದುವೆಯ ಮಾತೇ ಎತ್ತಲಿಲ್ಲ. ತಂಗಿಯ ಗಂಡ ಎರಡು ಹೆಣ್ಣುಮಕ್ಕಳಾದ ಮೇಲೆ ಒಂದು ದಿನ ಚಪ್ಪಲಿ ಹೊಲಿಸಿಕೊಂಡು ಬರುತ್ತೇನೆಂದು ಹೋದವನು ಬರಲೇ ಇಲ್ಲ. ಆಗ ತಂಗಿಯನ್ನು ಕಾರ್ಖಾನೆಗೆ ಕರೆತಂದು ಅರ ಹಿಡಿಸಿದವಳೂ ಇವಳೇ. ತಂಗಿಯ ಕೈ ಕೆಟ್ಟದ್ದಲ್ಲ. ಅವಳು ಮಾಡಿದ ಬೀಗ ವಾಪಸ್ಸು ಬಂದದ್ದೇ ಇಲ್ಲ. ಆದರೆ ನಿಧಾನ. ಬೇರೆಯವರು ದಿನಕ್ಕೆ ಮೂವತ್ತು ಮಾಡಿದರೆ ಇವಳದು ಇಪ್ಪತ್ತೈದು. ಅರದಕ್ಕನದು ನಲವತ್ತು.

ಹೀಗಿರುವಾಗ ವ್ಯಾಪಾರ ಬಿತ್ತು. ಯಾಕೆ ಬಿತ್ತೆಂದು ಪತ್ರಿಕೆಯವರು ಉದ್ದುದ್ದ ಬರೆದರು. ನಮಗೆ ತಿಳಿದದ್ದು ಇಷ್ಟೇ: ಹೊಸ ಮನೆ ಕಟ್ಟುವವರಿಲ್ಲ, ಹೊಸ ಅಂಗಡಿ ತೆರೆಯುವವರಿಲ್ಲ, ಬೀಗ ಯಾರಿಗೆ ಬೇಕು? ಆರ್ಡರ್ ಅರ್ಧಕ್ಕೆ ಇಳಿಯಿತು. ಹನ್ನೆರಡು ಜನರನ್ನು ಬಿಡುವ ಪಟ್ಟಿ ತಯಾರಾಯಿತು. ಅದರಲ್ಲಿ ಮೊದಲ ಹೆಸರೇ ತಂಗಿಯದು.

ಅಷ್ಟರಲ್ಲಿ ಸರ್ಕಾರದ ಕಚೇರಿಯಿಂದ ಒಬ್ಬ ಅಧಿಕಾರಿ ಬಂದ. ಹೆಂಗಸರನ್ನೆಲ್ಲ ಊಟದ ಕೋಣೆಯಲ್ಲಿ ಕೂರಿಸಿ ಹೊಸ ಯೋಜನೆ ವಿವರಿಸಿದ. ಆಳುಗಳನ್ನು ಬಿಡಬೇಡಿ, ಗಂಟೆಗಳನ್ನು ಕಡಿಮೆ ಮಾಡಿ. ಒಂದು ಮೇಜಿಗೆ ಇಬ್ಬರು, ಒಬ್ಬಳು ವಾರದ ಮೊದಲ ಮೂರು ದಿನ, ಇನ್ನೊಬ್ಬಳು ಕೊನೆಯ ಮೂರು ದಿನ. ಸಂಬಳವೂ ಅರ್ಧ, ಆದರೆ ಕಡಿಮೆಯಾದದ್ದರಲ್ಲಿ ಒಂದು ಪಾಲನ್ನು ಆರು ತಿಂಗಳು ಸರ್ಕಾರ ತುಂಬಿಕೊಡುತ್ತದೆ. ಎಲ್ಲರೂ ಒಪ್ಪಿದರೆ ಮಾತ್ರ.

ಸ್ಪ್ರಿಂಗು ಕೂರಿಸುವ ಹೆಂಗಸೊಬ್ಬಳಿದ್ದಳು. ಕುಳಿತಲ್ಲಿ ಕೂರದೆ ಪುಟಿಯುತ್ತಾಳೆಂದು ಅವಳಿಗೆ ಸ್ಪ್ರಿಂಗಮ್ಮ ಎಂದೇ ಹೆಸರು. ಅವಳು ಎದ್ದಳು.

“ಮೂರು ದಿನ ಮನೇಲಿ ಕೂತು ಏನ್ ಮಾಡೋದು ಸಾರ್? ನನ್ ಗಂಡನ ಮುಖ ನೋಡ್ಕೊಂಡು ಕೂತಿರ್ಬೇಕಾ? ಅದಕ್ಕೂ ಸರ್ಕಾರ ಏನಾದ್ರೂ ಕೊಡುತ್ತಾ?”

ಕೋಣೆಯೆಲ್ಲ ನಕ್ಕಿತು. ಅಧಿಕಾರಿಯೂ ನಕ್ಕ. ನಗು ನಿಂತ ಮೇಲೆ ಯಾರೂ ಕೈ ಎತ್ತಲಿಲ್ಲ. ಕೆಲಸ ಉಳಿಯುವ ಹನ್ನೆರಡು ಜನಕ್ಕೆ ಅರ್ಧ ಸಂಬಳ ಯಾಕೆ ಬೇಕು?

ಅರದಕ್ಕ ಆಗ ಎದ್ದು ನಿಂತಳು. ಮೂವತ್ತೆರಡು ವರ್ಷದಲ್ಲಿ ಸಭೆಯಲ್ಲಿ ಅವಳು ಮಾತಾಡಿದ್ದು ಅದೊಂದೇ ಸಲ.

“ಹನ್ನೆರಡು ಜನ ಉಣ್ಣೋದು, ಹನ್ನೆರಡು ಜನ ನೋಡೋದು ಬೇಡ ಕಣ್ರೇ. ಆರು ತಿಂಗಳು ಎಲ್ರೂ ಅರೆಹೊಟ್ಟೆ ಇರೋಣ. ನಾನು ನಲವತ್ತು ಮಾಡೋಳು, ನನ್ನನ್ನ ಯಾರೂ ಬಿಡಲ್ಲ. ನಾನೇ ಬಿಟ್ಟುಕೊಡ್ತಿದ್ದೀನಲ್ಲ?”

“ನಿನ್ ತಂಗಿ ಹೆಸರು ಪಟ್ಟೀಲಿದೆ ಅಂತ ಈ ಮಾತು” ಎಂದು ಹಿಂದಿನಿಂದ ಯಾರೋ ಚುಚ್ಚಿದರು.

“ಹೌದು, ಅದಕ್ಕೇ. ನಿನ್ ತಂಗಿ ಹೆಸರಿದ್ದಿದ್ರೆ ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತಿದ್ಯಾ?”

ಮೊದಲು ಕೈ ಎತ್ತಿದವಳು ಸ್ಪ್ರಿಂಗಮ್ಮ. “ಅಕ್ಕ ಹೇಳಿದ ಮೇಲೆ ಇನ್ನೇನು” ಎಂದಳು. ಒಂದೊಂದಾಗಿ ಇಪ್ಪತ್ತನಾಲ್ಕೂ ಕೈಗಳು ಮೇಲೆ ಹೋದವು. ಆ ಕಾನೂನು ಕೆಟ್ಟದ್ದೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಅದನ್ನು ಬರೆದವನು ಯಾರೋ ಹಸಿವು ಕಂಡವನೇ ಇರಬೇಕು. ಕಡಿಮೆ ಹೊತ್ತು ಕೆಲಸ ಮಾಡಿ ಎಂದರೆ ನಮ್ಮ ಜನ ಏನು ಮಾಡುತ್ತಾರೆಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಮೂರನೇ ಮೇಜು ಅಕ್ಕ ತಂಗಿಯರ ಪಾಲಿಗೆ ಬಂತು. ಸೋಮವಾರದಿಂದ ಬುಧವಾರ ಅಕ್ಕ, ಗುರುವಾರದಿಂದ ಶನಿವಾರ ತಂಗಿ. ಮೊದಲ ಗುರುವಾರ ಅರದಕ್ಕ ಮನೆಯಲ್ಲಿ ಹುಚ್ಚು ಹಿಡಿದವಳಂತೆ ಓಡಾಡಿದಳು. ತನ್ನ ಮನೆಯ ಕತ್ತರಿ ಮಸೆದಳು, ತಂಗಿಯ ಮನೆಯ ಕತ್ತರಿ ಮಸೆದಳು, ಆಮೇಲೆ ಮೆಟ್ಟಿಲಿಳಿದು ಬಂದು ನಮ್ಮ ಚಿಲಕ ಬಿಗಿಯಾಗಿದೆ ಎಂದು ಕುಕ್ಕರುಗಾಲಲ್ಲಿ ಕುಳಿತಳು. ಉಜ್ಜಿ ಉಜ್ಜಿ, ಗಾಳಿ ಬಂದರೆ ಬಾಗಿಲು ತಾನೇ ತೆರೆದುಕೊಳ್ಳುವ ಹಾಗೆ ಮಾಡಿ ಹೋದಳು.

“ಸಾಕು ಬಿಡಮ್ಮ, ಕಳ್ಳನಿಗೂ ಸ್ವಲ್ಪ ಕೆಲಸ ಉಳಿಸು” ಎಂದೆ.

“ಏನ್ ಮಾಡ್ಲಿ ಅಣ್ಣ, ಕೈ ನವೆಯಾಗುತ್ತೆ” ಎಂದಳು.

ಆ ನವೆಯೇ ಮುಂದಿನದನ್ನೆಲ್ಲ ಮಾಡಿಸಿತು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಅವಳ ಪಾಲಿನ ಬೀಗ ಮುಗಿದಿರುತ್ತಿತ್ತು. ಸುಮ್ಮನೆ ಕೂರಲಾರದೆ ಇನ್ನೂ ಹತ್ತೋ ಹದಿನೈದೋ ಮಾಡುತ್ತಿದ್ದಳು. ಮೇಜಿನ ಒಂದೇ ಖಾನೆಯಲ್ಲಿ ಈಗ ಎರಡು ಅಚ್ಚುಗಳು ಪಕ್ಕಪಕ್ಕದಲ್ಲಿ ಮಲಗಿದ್ದವು. ಒಂದು ಬುಧವಾರ ಅವಳು ಓರೆ ಗೀಟಿನ ಅಚ್ಚನ್ನು ಎತ್ತಿಕೊಂಡು, ಹೆಚ್ಚಿಗೆ ಮಾಡಿದ ಬೀಗಗಳಿಗೆ ತಂಗಿಯ ಗುರುತು ಹೊಡೆದು ಖಾನೆಯಲ್ಲಿಟ್ಟಳು. ತಂಗಿ ನಿಧಾನದವಳೆಂದು ಮತ್ತೆ ಯಾವ ಪಟ್ಟಿಯಲ್ಲೂ ಮೊದಲು ಬರಬಾರದು, ಅಷ್ಟೇ ಅವಳ ತಲೆಯಲ್ಲಿದ್ದದ್ದು.

ಗುರುವಾರ ಸಂಜೆ ತಂಗಿ ಮುಖ ಸಪ್ಪಗೆ ಮಾಡಿಕೊಂಡು ಬಂದಳು.

“ಅಕ್ಕಾ, ನನ್ ಅಚ್ಚು ಯಾಕೆ ಮುಟ್ಟಿದೆ? ಇದು ತಪ್ಪಲ್ವಾ?”

“ಬೀಗ ತೆರೆಯುತ್ತೋ ಇಲ್ವೋ?”

“ತೆರೆಯುತ್ತೆ.”

“ಮುಚ್ಚುತ್ತೋ?”

“ಮುಚ್ಚುತ್ತೆ.”

“ಹಾಗಾದ್ರೆ ನೀನೂ ಮುಚ್ಚು.”

ನಾಲ್ಕನೇ ತಿಂಗಳಿಗೆ ಆರ್ಡರ್ ಮೆಲ್ಲಗೆ ಮರಳಿತು. ಗಂಟೆ ಮಾತ್ರ ಅಷ್ಟೇ ಇತ್ತು. ಆಗ ಹೆಂಗಸರು ತಮ್ಮತಮ್ಮಲ್ಲೇ ಒಂದು ಲೆಕ್ಕ ಹಾಕಿದರು. ಕೈ ತೋರಿಸೋಣ, ನಮ್ಮ ಯೋಗ್ಯತೆ ಏನೆಂದು ಮಾಲೀಕನಿಗೆ ಕಾಣಲಿ, ಪೂರ್ತಿ ವಾರ ತಾನಾಗಿಯೇ ವಾಪಸ್ಸು ಕೊಡುತ್ತಾನೆ. ಊಟದ ಹೊತ್ತಿನಲ್ಲೂ ಒಂದು ಕೈಯಲ್ಲಿ ತುತ್ತು, ಒಂದು ಕೈಯಲ್ಲಿ ಅರ. ನೀರು ಕುಡಿಯಲು ಏಳುವುದೂ ನಿಂತಿತು. ಅರದಕ್ಕ ತನ್ನ ಪಾಲು ಮುಗಿದ ಮೇಲೆ ಮಾಡಿದ್ದಕ್ಕೆಲ್ಲ ಓರೆ ಗೀಟನ್ನೇ ಹೊಡೆದಳು. ಮೇಸ್ತ್ರಿ ಸಾಲುಗಳ ನಡುವೆ ಪುಸ್ತಕ ಹಿಡಿದು, ಮುಚ್ಚಳಗಳ ಗುರುತು ಎಣಿಸುತ್ತ ಓಡಾಡಿದ. ಒಂದು ಮಧ್ಯಾಹ್ನ ಕಾರ್ಖಾನೆಯ ಖರ್ಚಿನಲ್ಲೇ ಎಲ್ಲರಿಗೂ ಚಹಾ ಬಂತು. ನಾನು ಗೇಟು ಕಾಯಲು ಶುರು ಮಾಡಿದಂದಿನಿಂದ ಹಾಗೆ ಬಂದದ್ದೇ ಇಲ್ಲ. ಅವತ್ತೇ ಅನುಮಾನ ಪಡಬೇಕಿತ್ತು. ನಾನೂ ಕುಡಿದೆ, ಚೆನ್ನಾಗಿದೆ ಎಂದೆ.

ಆರು ತಿಂಗಳು ಮುಗಿದ ದಿನ ಇಪ್ಪತ್ತನಾಲ್ಕು ಜನರನ್ನೂ ಮತ್ತೆ ಊಟದ ಕೋಣೆಯಲ್ಲಿ ಸೇರಿಸಿದರು. ಮಾಲೀಕ ನಗುನಗುತ್ತಲೇ ಮಾತಾಡಿದ.

“ನೀವು ನನ್ನ ಕಣ್ಣು ತೆರೆಸಿದಿರಿ. ಹನ್ನೆರಡು ಜನರ ಹೊತ್ತಿನಲ್ಲಿ ಇಪ್ಪತ್ತೆರಡು ಜನರ ಕೆಲಸ ತೆಗೆದಿದ್ದೀರಿ. ಅಂದ ಮೇಲೆ ಇಷ್ಟು ವರ್ಷ ನಾನು ಇಪ್ಪತ್ತನಾಲ್ಕು ಜನಕ್ಕೆ ಯಾಕೆ ಸಂಬಳ ಕೊಟ್ಟೆ?”

ಅವನ ಮಾತಿಗೆ ಉತ್ತರ ಅವರೆಲ್ಲರ ಹೆಬ್ಬೆರಳುಗಳಲ್ಲಿತ್ತು. ಉಗುರು ಸವೆದು, ಚರ್ಮ ಸುಲಿದು, ಬಟ್ಟೆ ಸುತ್ತಿದ ಹೆಬ್ಬೆರಳುಗಳು. ಅದು ಆರು ತಿಂಗಳು ಮಾತ್ರ ಮಾಡಬಹುದಾದ ಕೆಲಸ, ಜೀವಮಾನ ಪೂರ್ತಿ ಅಲ್ಲ ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ನಮ್ಮ ಕೈ ಅಷ್ಟು ಓಡುವುದಿಲ್ಲ ಎಂದು ಒಪ್ಪಿಕೊಳ್ಳುವುದು ಅವರಿಗೆ ಸೆರಗು ಜಾರಿದಷ್ಟು ನಾಚಿಕೆ.

ಪ್ರತಿ ಮೇಜಿನ ಇಬ್ಬರಲ್ಲಿ ಒಬ್ಬಳು ಉಳಿಯುತ್ತಾಳೆ, ಪೂರ್ತಿ ವಾರ, ಪೂರ್ತಿ ಸಂಬಳ. ಯಾರ ಗುರುತು ಹೆಚ್ಚಿದೆಯೋ ಅವಳು. ಮೇಸ್ತ್ರಿ ಪುಸ್ತಕ ನೋಡಿ ಓದಿದ. ಮೂರನೇ ಮೇಜು: ಓರೆ ಗೀಟು.

ಕೋಣೆಯಲ್ಲಿದ್ದವರೆಲ್ಲ ಅರದಕ್ಕನ ಕಡೆ ತಿರುಗಿದರು. ತಂಗಿ ಬಾಯಿ ತೆರೆದಳು. ಅಕ್ಕ ಅವಳನ್ನು ನೋಡಿದ ನೋಟವನ್ನು ನಾನು ಬಾಗಿಲಲ್ಲಿ ನಿಂತು ಕಂಡೆ. ಚಿಕ್ಕಂದಿನಲ್ಲಿ ಜಡೆ ಹಾಕುವಾಗ ಅಲ್ಲಾಡಬೇಡ ಎಂದು ನೋಡುತ್ತಾರಲ್ಲ, ಆ ಥರ. ತಂಗಿ ಬಾಯಿ ಮುಚ್ಚಿಕೊಂಡಳು.

ಮೇಸ್ತ್ರಿ ಆಮೇಲೆ ಹತ್ತಿರ ಬಂದು ಕೈಕೈ ಹಿಸುಕಿಕೊಂಡ. “ಬೇಜಾರು ಮಾಡ್ಕೋಬೇಡಿ ಅಕ್ಕ. ನಾನು ಹೇಳಿದ್ದಲ್ಲ, ಗುರುತು ಹೇಳಿದ್ದು.”

“ಗುರುತು ಸುಳ್ಳು ಹೇಳುತ್ತಾ ಮೇಸ್ತ್ರಿಗಳೇ?”

“ಎಲ್ಲಾದ್ರೂ ಹೇಳುತ್ತಾ!”

“ಬಿಡಿ ಹಾಗಾದ್ರೆ.”

ಗೇಟಿನಲ್ಲಿ ನಾನು ಕೇಳುವ ಮೊದಲೇ ಅವಳು ಡಬ್ಬಿ ತೆರೆದು ತೋರಿಸಿದಳು. ನನಗೆ ಅದರೊಳಗೆ ನೋಡಲು ಆಗಲಿಲ್ಲ.

ಉಳಿದ ಹನ್ನೆರಡು ಜನಕ್ಕೆ ದಿನಕ್ಕೆ ನಲವತ್ತೈದು ಬೀಗವೆಂದು ಗೊತ್ತುಮಾಡಿದರು. ಬಾಗಿಲ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ತಂಗಿ ಮೊದಲ ವಾರ ಇಪ್ಪತ್ತೆಂಟರ ಮೇಲೆ ಏರಲಿಲ್ಲ. ಆ ಶನಿವಾರ ಅಕ್ಕನ ಮನೆಗೆ ಹೋಗಿ ಗೋಡೆಗೆ ಒರಗಿ ಕುಳಿತಳಂತೆ. ಅಕ್ಕ ಕೇಳಿದ್ದು ಒಂದೇ ಮಾತು: “ಎಷ್ಟು ಕಡಿಮೆ ಬೀಳ್ತಿದೆ?”

ಮುಂದಿನ ಸೋಮವಾರ ಸಂಜೆ ತಂಗಿಯ ಡಬ್ಬಿ ತೆರೆಸಿದೆ. ಎರಡು ಅಂತಸ್ತಿನ ಡಬ್ಬಿ. ಮೇಲಿನದು ಖಾಲಿ. ಕೆಳಗಿನದರಲ್ಲಿ ಹಿತ್ತಾಳೆಯ ಎಲೆಗಳು, ಆರಾರು ಎಲೆ ಒಂದೊಂದು ಕೀಲಿಯ ಜೊತೆ ದಾರದಲ್ಲಿ ಕಟ್ಟಿ ಜೋಡಿಸಿದ್ದವು. ಹಿಂದೆ ಸಾಲಿನಲ್ಲಿ ಹನ್ನೊಂದು ಜನ ಕಾಯುತ್ತಿದ್ದರು.

“ಮುಚ್ಚಮ್ಮ” ಎಂದೆ. “ನಾಳೆಯಿಂದ ಡಬ್ಬಿ ಚೆನ್ನಾಗಿ ತೊಳ್ಕೊಂಡು ಬಾ, ವಾಸನೆ.”

ಇಂದು ಸಂಜೆ ತಂದ ಎಲೆಗಳನ್ನು ಅರದಕ್ಕ ಮರುದಿನ ಹಗಲೆಲ್ಲ ಉಜ್ಜುವಳು. ಅದರ ಮರುದಿನ ಬೆಳಗ್ಗೆ ತಂಗಿ ಅವನ್ನು ಒಳಗೆ ಒಯ್ದು ಬೀಗಕ್ಕೆ ಕೂರಿಸಿ ಗುರುತು ಹೊಡೆಯುವಳು. ಕಿಟಕಿಯ ಹತ್ತಿರ ಒಂದು ಹಲಗೆಗೆ ಎರಡು ಮೊಳೆ ಹೊಡೆದು ಅಕ್ಕ ಮೇಜು ಮಾಡಿಕೊಂಡಿದ್ದಳು. ಕಾರ್ಖಾನೆಯ ಸೈರನ್ನು ಕೂಗಿದಾಗ ಕೂರುವಳು, ಸೈರನ್ನು ಕೂಗಿದಾಗ ಊಟಕ್ಕೆ ಏಳುವಳು. ಅರ್ಧ ವಾರ ಹೋಗಿ ಪೂರ್ತಿ ವಾರ ಬಂತು ಅವಳಿಗೆ. ಸಂಬಳ ಮಾತ್ರ ಬರಲಿಲ್ಲ. ರಜೆಯ ದಿನ ನಾನು ಮಲಗಿ ಮೇಲಿನ ಸದ್ದು ಕೇಳುತ್ತಿದ್ದೆ, ಸರ್ ಸರ್ ಎಂದು. ಇಲಿ ಮರ ಕಡಿದ ಹಾಗೆ.

ತಂಗಿಯ ಲೆಕ್ಕ ನಲವತ್ತೈದು ಮುಟ್ಟಿತು, ದಾಟಿತು. ಅಕ್ಕನ ಕೈ ಹಿಡಿತ ತಪ್ಪುವ ಜಾತಿಯದಲ್ಲ, ಇಷ್ಟು ಸಾಕು ಎಂದು ನಿಲ್ಲಿಸುವುದು ಅದಕ್ಕೆ ಗೊತ್ತೇ ಇರಲಿಲ್ಲ. ಎರಡೇ ತಿಂಗಳಲ್ಲಿ ಮೇಸ್ತ್ರಿ ಹಲಗೆ ಒರೆಸಿ ಐವತ್ತೈದು ಎಂದು ಬರೆದ. “ಮೂರನೇ ಮೇಜಿನವಳು ಮಾಡ್ತಾಳೆ, ನಿಮ್ಮ ಕೈಗೇನು ಗೆದ್ದಲು ಹಿಡಿದಿದೆಯಾ?” ಎಂದು ಉಳಿದ ಹನ್ನೊಂದು ಜನರ ಮುಖಕ್ಕೆ ಹೊಡೆದ ಹಾಗೆ ಕೇಳಿದ.

ಆ ಭಾನುವಾರ ಮಧ್ಯಾಹ್ನ ಸ್ಪ್ರಿಂಗಮ್ಮ ಅರದಕ್ಕನ ಮನೆಯ ಮೆಟ್ಟಿಲು ಹತ್ತಿದಳು. ಅವಳೂ ಉಳಿದವರಲ್ಲಿ ಒಬ್ಬಳು. ಮೊದಲಿನ ಪುಟಿತವೆಲ್ಲ ಹೋಗಿ, ಕಂಬಿ ಹಿಡಿದು ಹಿಡಿದು ಹತ್ತಿದಳು. ಬಾಗಿಲು ಓರೆಯಾಗಿತ್ತು. ಕೂಗದೆ ಒಳಗೆ ಹೋದಳು.

“ಅಕ್ಕಾ, ನಿನ್ ತಂಗಿಗೆ ಒಂದು ಮಾತು ಹೇಳು. ನಿನ್ ಮಾತು ಕೇಳ್ತಾಳೆ. ಸ್ವಲ್ಪ ನಿಧಾನ ಮಾಡೇ ಅನ್ನು. ನಮ್ ಕೈಲಿ ಆಗ್ತಿಲ್ಲ. ಅವಳ ಜೊತೆ ಯಾರೂ ಮಾತಾಡ್ತಿಲ್ಲ ಈಗ, ಅದು ನಂಗೂ ಇಷ್ಟ ಇಲ್ಲ. ಆದ್ರೆ ಅವಳಿಗೇನು ನಾಲ್ಕು ಕೈಯಾ?”

ಆಗ ಅವಳಿಗೆ ಕಿಟಕಿಯ ಹಲಗೆ ಕಂಡಿತು. ಅಕ್ಕನ ಮಡಿಲಲ್ಲಿ, ಮೊಣಕೈವರೆಗೆ, ಹಿತ್ತಾಳೆಯ ಪುಡಿ ಬಿಸಿಲಿಗೆ ಹೊಳೆಯುತ್ತಿತ್ತು.

“ಓ” ಎಂದಳು ಸ್ಪ್ರಿಂಗಮ್ಮ. “ನಾಲ್ಕೇ.”

ಅರದಕ್ಕ ಎದ್ದು ಚಹಾಕ್ಕೆ ನೀರಿಡಲು ಹೋದಳು.

“ಚಹಾ ಬೇಡ ತಾಯಿ. ಅವತ್ತು ಕೈ ಎತ್ತಿ ಅಂದೆ. ನಿನ್ ಮುಖ ನೋಡಿ ಮೊದಲು ಎತ್ತಿದ್ದು ನಾನು. ಹನ್ನೆರಡು ಜನ ಮನೆಗೆ ಹೋದ್ರು, ಹೋಗ್ಲಿ, ಅದು ನಮ್ಮೆಲ್ಲರ ಪೆದ್ದುತನ. ಈಗ ಉಳಿದವರ ಕುತ್ತಿಗೆ ಮೇಲೂ ನೀನೇ ಕೂತು ಅರ ಆಡಿಸ್ತಿದ್ದೀಯಲ್ಲ.” ಅಷ್ಟು ಹೇಳಿ ಇಳಿದು ಹೋದಳು. ನಮ್ಮ ಬಾಗಿಲ ಮುಂದೆ ಹಾಯುವಾಗ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅವತ್ತು ಸಂಜೆ ತಂಗಿ ಬಂದಾಗ ಅಕ್ಕ ಡಬ್ಬಿಯನ್ನು ಮುಂದೆ ಸರಿಸಿದಳು. ಎಲೆಗಳು ಕಟ್ಟಿದ ದಾರದಲ್ಲೇ ಇದ್ದವು.

“ಇನ್ನು ನಾನು ಉಜ್ಜಲ್ಲ. ನಿನ್ನ ಕೈ ಎಷ್ಟು ಮಾಡುತ್ತೋ ಅಷ್ಟೇ ಮಾಡು.”

“ನನ್ನನ್ನ ಬಿಟ್ಟುಬಿಡ್ತಾರೆ ಅಕ್ಕ.”

“ಬಿಡ್ತಾರೆ.”

ತಂಗಿ ಡಬ್ಬಿಯನ್ನು ಹಿಂದಕ್ಕೆ ತಳ್ಳಿದಳಂತೆ. ಆಮೇಲೆ ಹುಟ್ಟಿದಂದಿನಿಂದ ಎತ್ತದ ದನಿ ಎತ್ತಿದಳು. “ನಾನು ಕೇಳಿದ್ನಾ? ನನ್ ಅಚ್ಚು ಮುಟ್ಟು ಅಂತ ಕೇಳಿದ್ನಾ? ನನ್ನ ಇಪ್ಪತ್ತೈದನ್ನ ಇಪ್ಪತ್ತೈದಾಗೇ ಬಿಟ್ಟಿದ್ರೆ ನೀನು ಒಳಗಿರ್ತಿದ್ದೆ. ನಾನು ಬೇರೆ ಏನಾದ್ರೂ ನೋಡ್ಕೋತಿದ್ದೆ. ಈಗ ದಿನಾ ಅಲ್ಲಿ ಕಳ್ಳಿ ಥರ ಕೂತು ಬರ್ತೀನಿ. ಪಕ್ಕದವಳು ನೀರಿನ ಲೋಟ ಕೂಡ ಕೊಡಲ್ಲ.”

“ಕೇಳ್ಲಿಲ್ಲ” ಎಂದಳು ಅಕ್ಕ. “ನಿನ್ನ ನಿಧಾನ ನೋಡಿ ನಂಗೆ ನಾಚಿಕೆಯಾಗ್ತಿತ್ತು. ಅದಕ್ಕೇ ಮಾಡ್ದೆ. ಪ್ರೀತಿಗೆ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ.”

ಮರುದಿನ ತಂಗಿಯದು ಇಪ್ಪತ್ತಾರು. ಅದರ ಮರುದಿನ ಇಪ್ಪತ್ತನಾಲ್ಕು. ಮೇಸ್ತ್ರಿ ಮೈ ಸರಿಯಿಲ್ಲವೇ ಎಂದು ಕೇಳಿದ. “ಚೆನ್ನಾಗೇ ಇದ್ದೀನಿ ಸಾರ್, ನನ್ನ ಕೈ ಇರೋದೇ ಇಷ್ಟು” ಎಂದಳಂತೆ. ಮೂರನೇ ವಾರ ಅವಳ ಹೆಸರು ತೆಗೆದರು. ಡಬ್ಬಿ ತೆರೆದು ತೋರಿಸಿ ಹೋದಳು. ಅಕ್ಕನ ಮನೆಗೂ ತನ್ನ ಮನೆಗೂ ನಡುವೆ ಇದ್ದದ್ದು ಹನ್ನೆರಡು ಹೆಜ್ಜೆ, ಅದನ್ನು ಅವಳು ಎಷ್ಟೋ ತಿಂಗಳು ದಾಟಲಿಲ್ಲ.

ಅರದಕ್ಕ ಇಷ್ಟಕ್ಕೇ ಬಿಡಲಿಲ್ಲ. ತಂಗಿಯ ಕೆಲಸವಂತೂ ಹೋಯಿತು, ಹಲಗೆಯ ಮೇಲಿನ ಅಂಕೆಯನ್ನಾದರೂ ಇಳಿಸಬೇಕೆಂದು ಒಂದು ಬೆಳಗ್ಗೆ ಗೇಟಿಗೆ ಬಂದಳು. ಕೆಲಸ ಬಿಟ್ಟವರನ್ನು ಒಳಗೆ ಬಿಡುವಂತಿಲ್ಲ. ನಾನು ಮೇಸ್ತ್ರಿಯನ್ನೇ ಹೊರಗೆ ಕರೆಸಿದೆ. ಅವಳು ಎಲ್ಲವನ್ನೂ ಹೇಳಿದಳು, ಬುಧವಾರದ ಬೀಗಗಳು, ಅಚ್ಚು, ಡಬ್ಬಿ, ಕಿಟಕಿಯ ಹಲಗೆ. “ಅದು ಒಬ್ಬಳ ಕೆಲಸ ಅಲ್ಲ ಮೇಸ್ತ್ರಿಗಳೇ, ಇಬ್ಬರದು. ಒರೆಸಿಬಿಡಿ.” ಡಬ್ಬಿಯ ಮಾತು ಬಂದಾಗ ನನ್ನ ಕೆಲಸವೂ ಹೋಯಿತೆಂದುಕೊಂಡೆ. ಹೋದರೆ ಹೋಗಲಿ ಎಂದು, ಹೌದು, ನಾನೂ ಕಂಡಿದ್ದೇನೆ ಎಂದೆ.

ಮೇಸ್ತ್ರಿ ಇಬ್ಬರನ್ನೂ ನೋಡಿ ನಕ್ಕ. ಕೆಟ್ಟ ನಗುವಲ್ಲ, ಕರುಣೆಯ ನಗು, ಅದೇ ಹೆಚ್ಚು ಚುಚ್ಚಿತು.

“ತಂಗಿ ಮೀರಿಸಿದ್ಲು ಅಂದ್ರೆ ಹೊಟ್ಟೆ ಉರಿ ಯಾರಿಗಾದ್ರೂ ಇರುತ್ತೆ ಅಕ್ಕ, ನನಗೆ ಅರ್ಥ ಆಗುತ್ತೆ. ಆದ್ರೆ ಪುಸ್ತಕದಲ್ಲಿ ಇರೋದು ಒಂದೇ ಗುರುತು.”

ಮೂರನೇ ಮೇಜಿಗೆ ಹೊಸಬಳೊಬ್ಬಳು ಬಂದಳು. ಇದೇ ಸ್ಟೂಲಿನಲ್ಲಿ ಕೂತು ಒಬ್ಬಳು ಐವತ್ತೈದು ಮಾಡುತ್ತಿದ್ದಳೆಂದು ಮೇಸ್ತ್ರಿ ಮೊದಲ ದಿನವೇ ಅವಳಿಗೆ ಹೇಳಿದ. ಸಂಜೆ ಗೇಟಿನಲ್ಲಿ ಅವಳ ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಕೆಂಪಾಗಿತ್ತು. ಎಷ್ಟಾಯಿತಮ್ಮ ಎಂದು ಕೇಳಿದೆ.

“ಮೂವತ್ತೊಂದು” ಎಂದಳು ತಲೆ ತಗ್ಗಿಸಿ. “ನನ್ನ ಕೈಯಲ್ಲೇ ಏನೋ ದೋಷ ಇರ್ಬೇಕು.”

ಇಲ್ಲಮ್ಮ, ಇಲ್ಲ ಎಂದೆ. ಅವಳು ನಂಬಲಿಲ್ಲ.